ಹಿಂದಿನ ಬೆಂಚಿನಲ್ಲಿ ಕೂತ ಅಕ್ಕೋರು

ಹೋದ ವಾರ ರೋಣದಲ್ಲಿ ಮುಖ್ಯೋಪಾಧ್ಯಾಯರ ತರಬೇತಿ ಇತ್ತು. ಮಧ್ಯಾಹ್ನದ ಊಟವಾಗಿ, ಪಂಖಾಗಳು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿದ್ದ ಹೊತ್ತು. ಪರದೆಯ ಮೇಲೆ ನಾಯಕತ್ವದ ಗುಣಗಳು ಒಂದೊಂದಾಗಿ ಹಾರಿ ಬಂದು ಕೂರುತ್ತಿದ್ದವು. ಕೆಳಗೆ ನಾವೆಲ್ಲ ಮೊಬೈಲಿನಲ್ಲಿ ತಲೆ ಹುದುಗಿಸಿದ್ದೆವು. ಆಗ ನನ್ನ ಮುಂದಿನ ಕುರ್ಚಿಯವರು ನೆಗಡಿಗೆಂದು ನೀಲಗಿರಿ ಎಣ್ಣೆಯ ಸಣ್ಣ ಶೀಸೆ ತೆರೆದು ಕರವಸ್ತ್ರಕ್ಕೆ ಎರಡು ಹನಿ ಹಾಕಿಕೊಂಡರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಗೊತ್ತಿಲ್ಲದೆಯೇ ಬೆನ್ನು ನೆಟ್ಟಗಾಯಿತು. ಮೊಬೈಲು ಜೇಬಿಗೆ ಹೋಯಿತು. ಹಿಂದೆ ಯಾರೋ ಕೂತು ನೋಡುತ್ತಿದ್ದಾರೆ ಅನ್ನಿಸಿ ಹೊರಳಿಯೂ ನೋಡಿದೆ.

ಯಾರೂ ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಆದರೂ ಹಳೆಯ ಸಿಟ್ಟೊಂದು ಒಂದಿಷ್ಟೂ ಸವೆಯದೆ ಎದ್ದು ಬಂತು.

ನಾವು ಅವರನ್ನು ತರಬೇತಿ ಅಕ್ಕೋರು ಎನ್ನುತ್ತಿದ್ದೆವು. ಹನ್ನೆರಡು ವರ್ಷದ ಹಿಂದಿನ ಮಾತಿರಬೇಕು. ಗಜೇಂದ್ರಗಡ, ರೋಣ, ನರಗುಂದ ಈ ಮೂರೂ ಊರುಗಳ ಸರಕಾರಿ ಶಾಲೆಗಳನ್ನು ಸುಧಾರಿಸಬೇಕೆಂದು ಯೋಜನೆಯೊಂದು ಬಂದಿತ್ತು. ಮೊದಲು ಮುಖ್ಯೋಪಾಧ್ಯಾಯರನ್ನು ತಯಾರು ಮಾಡುವುದು, ಅವರಿಂದ ಶಿಕ್ಷಕರನ್ನು, ಶಿಕ್ಷಕರಿಂದ ಮಕ್ಕಳನ್ನು. ನಾನಾಗ ಪಾಠ ಮಾಡುತ್ತಿದ್ದ ಗಜೇಂದ್ರಗಡದ ಶಾಲೆಯಲ್ಲೇ ಹೊಸದಾಗಿ ಮುಖ್ಯೋಪಾಧ್ಯಾಯನ ಪ್ರಭಾರ ವಹಿಸಿಕೊಂಡಿದ್ದೆ. ತರಬೇತಿ ಅಂದರೆ ನಮಗೆಲ್ಲ ಗೊತ್ತಿತ್ತು: ಬೆಳಿಗ್ಗೆ ಒಂದು ಹಾಡು, ಆಮೇಲೆ ಒಂದು ಆಟ, ಗುಂಪು ಮಾಡಿ ಚಾರ್ಟಿನ ಮೇಲೆ ಬಣ್ಣದ ಪೆನ್ನಿನಿಂದ ಬರೆಯುವುದು, ಸಂಜೆ ಫೋಟೋ. ಯಾರಿಗೂ ತೊಂದರೆಯಿಲ್ಲದ ಕೆಲಸ.

ಈ ಅಕ್ಕೋರು ಬಂದರು. ಮುಶಿಗೇರಿ ಕಡೆಯವರು, ಕುಳ್ಳಗೆ, ಬಿಸಿಲಿರಲಿ ಬಿಡಲಿ ಕಂಕುಳಲ್ಲಿ ಕೊಡೆ. ಚಾಕ್‌ಪೀಸಿನ ಧೂಳು ಆಗುತ್ತಿರಲಿಲ್ಲವಾದ್ದರಿಂದ ನೀಲಗಿರಿ ಎಣ್ಣೆ ಹಾಕಿದ ಕರವಸ್ತ್ರ ಸದಾ ಕೈಯಲ್ಲಿ. ಮೊದಲ ದಿನ ಹಾಡಿಲ್ಲ, ಆಟವಿಲ್ಲ. ನಿಂತವರೇ ಒಂದು ಪ್ರಶ್ನೆ ಕೇಳಿದರು.

"ಹೋದ ವಾರ ನಿಮ್ಮ ನಿಮ್ಮ ಸಾಲ್ಯಾಗ ಯಾವುದರೆ ಕ್ಲಾಸಿನಾಗ ಹಿಂದ ಕುಂತು ಪಾಠ ನೋಡಿದವ್ರು ಯಾರದೀರಿ? ಕೈ ಎತ್ರಿ."

ಒಂದು ಕೈಯೂ ಏಳಲಿಲ್ಲ.

"ಹಂಗಾರ ನೀವು ಸಾಲಿ ನಡಸಾಕತ್ತಿಲ್ರಿ. ಸಾಲಿ ಕಟ್ಟಡಾ ಕಾಯಾಕತ್ತೀರಿ."

ಮೂವತ್ತು ವರ್ಷ ಸೇವೆ ಮಾಡಿದವರೂ ಆ ಸಭೆಯಲ್ಲಿದ್ದರು. ಬಿಸಿಯೂಟದ ಅಕ್ಕಿ, ಶೌಚಾಲಯದ ನಲ್ಲಿ, ಮತದಾರರ ಪಟ್ಟಿ, ಜನಗಣತಿ, ಸೈಕಲ್ಲು, ಸಮವಸ್ತ್ರ ಇವುಗಳ ನಡುವೆ ಹಿಂದಿನ ಬೆಂಚಿನಲ್ಲಿ ಕೂರಲು ನಮಗೆಲ್ಲಿ ಪುರಸೊತ್ತು? ಇದನ್ನೇ ಒಬ್ಬರು ಎದ್ದು ಹೇಳಿದರು. ಅಕ್ಕೋರು ಪೂರ್ತಿ ಕೇಳಿಸಿಕೊಂಡರು. "ಖರೇನ ಐತ್ರಿ," ಅಂದರು. ನಾವೆಲ್ಲ ಹಗುರಾದೆವು. ಮರುಕ್ಷಣವೇ, "ವಾರಕ್ಕ ಒಂದ ತಾಸು ತಗೀರಿ," ಅಂದರು. ಹೀಗೆ ಒಪ್ಪಿಕೊಂಡೇ ಕಟ್ಟಿಹಾಕುವ ಮನುಷ್ಯರ ಜೊತೆ ಜಗಳವಾದರೂ ಹೇಗೆ ಆಡುವುದು?

ಅವರು ಎರಡು ನಿಯಮ ಮಾಡಿದರು. ಪ್ರತಿ ಮುಖ್ಯೋಪಾಧ್ಯಾಯರು ವಾರಕ್ಕೊಮ್ಮೆ ಒಬ್ಬ ಶಿಕ್ಷಕರ ಪಾಠವನ್ನು ಹಿಂದೆ ಕೂತು ನೋಡಬೇಕು. ತಿಂಗಳಿಗೊಮ್ಮೆ ನಮ್ಮಲ್ಲೇ ಒಬ್ಬರು ಮಕ್ಕಳಿಗೆ ಪಾಠ ಮಾಡಬೇಕು, ಉಳಿದ ಮುಖ್ಯೋಪಾಧ್ಯಾಯರೆಲ್ಲ ಹಿಂದೆ ಕೂತು ನೋಡಬೇಕು. ಇದಲ್ಲದೆ ಅವರೇ ಹೇಳದೆ ಕೇಳದೆ ಶಾಲೆಗೆ ಬಂದುಬಿಡುತ್ತಿದ್ದರು.

ನನ್ನ ಶಾಲೆಗೆ ಬಂದದ್ದು ಸಂತೆಯ ದಿನ. ಅರ್ಧ ಮಕ್ಕಳಿರಲಿಲ್ಲ. "ಇವತ್ತ ಬ್ಯಾಡ್ರಿ ಅಕ್ಕೋರ, ಹುಡುಗರು ಬಂದಿಲ್ಲ," ಅಂದೆ. "ಬಂದವ್ರು ಹುಡುಗರಲ್ಲೇನ್ರಿ?" ಎಂದು ಐದನೆಯ ತರಗತಿಯ ಕೊನೆಯ ಬೆಂಚಿನಲ್ಲಿ ಕೂತೇಬಿಟ್ಟರು. ನಾನು ಭಿನ್ನರಾಶಿ ತೆಗೆದುಕೊಂಡೆ. ಜೋಳದ ರೊಟ್ಟಿಯೊಂದನ್ನು ತರಿಸಿ ಮುರಿದು ಅರ್ಧ, ಕಾಲು ತೋರಿಸಿದೆ. ಹಲಗೆಯ ಮೇಲೆ ಚಂದಾಗಿ ಬರೆದೆ. ಮಕ್ಕಳು ಪಟಪಟ ಉತ್ತರ ಹೇಳಿದರು. ಪಾಠ ಮುಗಿದಾಗ ನನಗೆ ನಾನೇ ಭೇಷ್ ಅಂದುಕೊಂಡೆ.

ಅಕ್ಕೋರು ಒಂದು ಹಾಳೆ ಮುಂದಿಟ್ಟರು. ತರಗತಿಯ ನಕ್ಷೆ. ಯಾವ ಮಗು ಎಲ್ಲಿ ಕೂತಿತ್ತು, ಎಷ್ಟು ಸಲ ಮಾತಾಡಿತು ಎಂದು ಗೀಟು ಹಾಕಿದ್ದರು. ಗೀಟುಗಳೆಲ್ಲ ಮುಂದಿನ ನಾಲ್ಕು ಮಕ್ಕಳ ಹೆಸರಿನ ಎದುರು. ಉಳಿದ ಕಡೆ ಹಾಳೆ ಖಾಲಿ.

"ಪಾಠ ಭಾಳ ಚಲೋ ಆತ್ರಿ ಸರ್. ಕಲಿತವ್ರು ಯಾರು?"

ನನ್ನ ಮುಖ ಹೇಗಾಯಿತೋ... ಅವರೇ ಮಾತು ಬದಲಿಸಿದರು. "ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಂಗ ಅದಾವ ನೋಡ್ರಿ. ಆದ್ರ ನನ್ನ ಬಾಜೂ ಕುಂತ ಹುಡುಗಿಗೆ ಅವು ಕಾಣಾಂಗಿಲ್ಲ. ಆಕಿ ಇಡೀ ಪಾಠ ಬಾಜೂದಾಕಿ ಪಾಟಿ ನೋಡಿ ಬರದ್ಳು."

ನೇಕಾರರ ಮನೆಯ ಆ ಹುಡುಗಿಯನ್ನು ನಾನು ದಡ್ಡಿ ಎಂದು ಎರಡು ವರ್ಷದಿಂದ ಬಗೆದಿದ್ದೆ. ಕಣ್ಣು ತೋರಿಸಲು ದವಾಖಾನೆಗೆ ಕಳಿಸಿದೆ, ಚಸ್ಮಾ ಬಂತು, ದೀಪಾವಳಿಯ ಹೊತ್ತಿಗೆ ಆಕೆ ಓದತೊಡಗಿದಳು. ಇದರಿಂದ ನನಗೆ ಸಂತೋಷವಾಗಬೇಕಿತ್ತು. ನಿಜ ಹೇಳುತ್ತೇನೆ, ನನಗೆ ಇನ್ನಷ್ಟು ಸಿಟ್ಟು ಬಂತು. ತಪ್ಪು ಎತ್ತಿ ತೋರಿಸುವವರು ಒಮ್ಮೊಮ್ಮೆಯಾದರೂ ತಾವೇ ತಪ್ಪಬೇಕು. ಪ್ರತಿ ಸಲವೂ ಸರಿಯಾಗಿಯೇ ಇರುವವರ ಜೊತೆ ಬಾಳುವುದು ಕಷ್ಟ.

ಅವರು ತಪ್ಪಿದ್ದು ನರಗುಂದದಲ್ಲಿ.

ಆ ತಿಂಗಳ ಪಾಠ ನಮ್ಮೆಲ್ಲರಿಗಿಂತ ಹಿರಿಯರಾದ ಮುಖ್ಯೋಪಾಧ್ಯಾಯರದು. ದೊಡ್ಡ ಶಾಲೆ ನಡೆಸಿದವರು, ಕಡತ ಅವರಷ್ಟು ಚೊಕ್ಕ ಇಟ್ಟವರಿಲ್ಲ, ನಿವೃತ್ತಿಗೆ ಕೆಲವೇ ತಿಂಗಳಿತ್ತು. ಮಕ್ಕಳೆದುರು ನಿಂತು ಎಷ್ಟೋ ವರ್ಷವಾಗಿತ್ತು. ಎರಡನೆಯ ತರಗತಿಗೆ ಒತ್ತಕ್ಷರ ಹೇಳಿಕೊಡಬೇಕಿತ್ತು. ಅವರು ಹಲಗೆಯ ಮೇಲೆ 'ಅಕ್ಕ' ಬರೆದರು, 'ಹಕ್ಕಿ' ಬರೆದರು. ಚಾಕ್‌ಪೀಸು ಮುರಿಯಿತು. ಬಗ್ಗಿ ಹೆಕ್ಕಿಕೊಂಡು ಎದ್ದಾಗ ಮುಂದೇನು ಎಂಬುದೇ ಮರೆತುಹೋದಂತೆ ನಿಂತರು. ಮಕ್ಕಳು ಒಬ್ಬರನ್ನೊಬ್ಬರು ನೋಡಿ ಕಿಸಕ್ಕನೆ ನಕ್ಕರು. ಹಿಂದೆ ನಾವು ಇಪ್ಪತ್ತು ಮಂದಿ ಮುಖ್ಯೋಪಾಧ್ಯಾಯರು ಕೂತಿದ್ದೆವು. ಅಕ್ಕೋರು ಏಳಲಿಲ್ಲ. ಒಂದು ನಿಮಿಷ, ಎರಡು ನಿಮಿಷ... ಅವರು ಕಾಯುತ್ತಲೇ ಇದ್ದರು. ಆ ಹಿರಿಯರು ಚಾಕ್‌ಪೀಸಿನ ತುಂಡನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು, ಹೊರಗೆ ಹೋಗಿ ಬೇವಿನ ಗಿಡದ ಕಟ್ಟೆಯ ಮೇಲೆ ಕೂತರು. ಅಕ್ಕೋರು ಹಿಂದೆಯೇ ಹೋಗಿ ಏನೋ ಹೇಳಿದರು. ಹಿರಿಯರು ಮುಖವೆತ್ತಲಿಲ್ಲ.

ಎರಡು ದಿನಕ್ಕೆ ನಾವೆಲ್ಲ ಒಂದು ಚಹಾದ ಅಂಗಡಿಯಲ್ಲಿ ಸೇರಿದೆವು. ಮೇಲಿನವರಿಗೆ ದೂರು ಕೊಡುವುದೆಂದಾಯಿತು. "ನಿಮ್ಮ ಅಕ್ಷರ ಚಂದ ಅದಾವ, ನೀವ ಬರೀರಿ," ಎಂದು ಹಾಳೆಯನ್ನು ನನ್ನ ಕಡೆ ಸರಿಸಿದರು. ಟೈಪು ಮಾಡಿಸೋಣ ಎನ್ನಬಹುದಿತ್ತು. ಎನ್ನಲಿಲ್ಲ. ಹಿರಿಯರಿಗೆ ಆದ ಅವಮಾನ ಬರೆದೆ. ಅಷ್ಟಕ್ಕೇ ಬಿಡದೆ, ಯಾರೂ ಹೇಳದ ಒಂದು ಸಾಲನ್ನು ನಾನೇ ಸೇರಿಸಿದೆ: 'ತರಬೇತಿಯ ಹೆಸರಿನಲ್ಲಿ ಶಿಕ್ಷಕರ ತಪ್ಪು ಹುಡುಕುವುದೇ ಇವರ ಉದ್ದೇಶವಾಗಿರುತ್ತದೆ.' ಎಲ್ಲರೂ ಅದನ್ನೇ ಮೆಚ್ಚಿದರು. ಎಲ್ಲರೂ ಸಹಿ ಹಾಕಿದರು. ಆ ಹಿರಿಯರೊಬ್ಬರು ಮಾತ್ರ, "ನನ್ನ ಹೆಸರಿಲೆ ಜಗಳ ಬ್ಯಾಡ್ರಪಾ," ಎಂದು ಎದ್ದು ಹೋದರು. ಆ ಮಾತಿಗೂ ನಾವು ನಿಲ್ಲಲಿಲ್ಲ. ಪತ್ರ ಹೋಯಿತು.

ತಿಂಗಳೊಳಗೆ ಅಕ್ಕೋರನ್ನು ತರಬೇತಿಯಿಂದ ತೆಗೆದು ಹೊಳೆಯ ದಂಡೆಯ ಕೊಣ್ಣೂರಿನ ಕಡೆ ಒಂದು ಶಾಲೆಗೆ ಕಳಿಸಿದರು. ಅವರ ಜಾಗಕ್ಕೆ ಬಂದವರು ಬಹಳ ಒಳ್ಳೆಯವರು. ಹಾಡು ಹೇಳಿಸಿದರು, ಚಾರ್ಟು ಬರೆಸಿದರು, ಸಂಜೆ ಫೋಟೋ ತೆಗೆಸಿದರು. ಮೂರೂ ಊರುಗಳ ಶಾಲೆಗಳು ಸುಧಾರಿಸಿವೆ ಎಂದು ವರದಿ ಬಂತು. ಸುಧಾರಿಸಿದ್ದೇನು ಎಂದು ಯಾರೂ ಕೇಳಲಿಲ್ಲ. ಕೇಳುವವರನ್ನು ನಾವೇ ಕಳಿಸಿದ್ದೆವಲ್ಲ!

ನನಗೆ ನೆಮ್ಮದಿಯಾಗಬೇಕಿತ್ತು. ಆದರೆ ಪಾಠ ಮಾಡಲು ನಿಂತರೆ ಕಣ್ಣು ತಾನಾಗಿ ಕೊನೆಯ ಬೆಂಚಿಗೆ ಹೋಗುತ್ತಿತ್ತು. ಮುಂದಿನ ಮಗು ಕೈಯೆತ್ತಿದರೆ, 'ತಡಿ' ಎಂದು ಹಿಂದಿನವರನ್ನು ಕೇಳುತ್ತಿದ್ದೆ. ಪಾಠ ನಿಧಾನವಾಗಿ, ಪಠ್ಯ ಮುಗಿಯದೆ, ಮೇಲಿನವರಿಂದ ಬೈಸಿಕೊಂಡೆ. ಅವರು ಹೋದರೂ ನನ್ನ ನೆಮ್ಮದಿ ಕೆಡಿಸುವುದನ್ನು ಬಿಡಲಿಲ್ಲ.

ಆಮೇಲೆ ಅವರನ್ನು ಕಂಡದ್ದು ಒಮ್ಮೆ ಮಾತ್ರ. ಮಲಪ್ರಭೆ ತುಂಬಿ ಬಂದ ವರ್ಷ ಹೊಳೆಯಾಚೆಯ ಬೀಗರ ಮನೆಗೆ ಹೊರಟಿದ್ದೆ. ಕೊಣ್ಣೂರಿನಲ್ಲಿ ಸೇತುವೆಯ ಮೇಲೆ ನೀರು. ಬಸ್ಸು ನಿಂತಿತು. ಡ್ರೈವರು, "ನೀರ ಇಳಿಯೋತನಕ ಗಾಡಿ ಬಿಡಾಂಗಿಲ್ರಿ," ಎಂದು ಬೀಡಿ ಹಚ್ಚಿದ. ಮಳೆಗೆ ನಿಲ್ಲಲು ಹತ್ತಿರದ ಶಾಲೆಯ ಪಡಸಾಲೆಗೆ ಓಡಿದರೆ, ಅಲ್ಲಿ ಪ್ರಯಾಣಿಕರಿಗೆ ಚಾಪೆ ಹಾಸುತ್ತಿದ್ದವರು ಅಕ್ಕೋರು. ಬಡಕಲಾಗಿದ್ದರು. ನನ್ನನ್ನು ನೋಡಿ ನಕ್ಕರು.

ಎರಡು ತಾಸು ಕೂತೆವು. ಹೇಳಲೇಬೇಕೆಂದು ಬಾಯಿ ತೆರೆದೆ. "ಅಕ್ಕೋರ, ಆ ಪತ್ರ..."

"ಮ್ಯಾಲಿನವ್ರು ನನ್ನ ಮುಂದ ಇಟ್ಟಿದ್ರು, ನೋಡಿದ ಕೂಡ್ಲೇ ಗೊತ್ತಾತ್ರಿ. ಮೂರು ಊರಾಗ ಅಂಥಾ 'ಳ' ಬರಿಯೋರು ನೀವೊಬ್ರ." ಸಿಟ್ಟಿಲ್ಲ, ಕೊಂಕಿಲ್ಲ. ಚಾಪೆಯ ಅಂಚು ಸರಿಮಾಡುತ್ತ, "ಅದರಾಗ ಒಂದ ಮಾತು ಖರೇ ಇತ್ರಿ. ಆ ಹಿರಿಯರ ಕೈಯಾನ ಚಾಕ್‌ಪೀಸು ನಾ ಎದ್ದು ಇಸ್ಕೋಬೇಕಿತ್ತು. ಹುಡುಗರಿಗೆ ಅಂಜಿಕಿ ಬರಬಾರದು ಅಂತ ಹೇಳಾಕಿ ನಾ, ದೊಡ್ಡವರಿಗೂ ಅಂಜಿಕಿ ಇರತೈತಿ ಅನ್ನೋದು ಮರತೆ," ಅಂದರು.

"ಇನ್ನೊಂದ ಸಾಲು ನಾನ..." ಎಂದು ಮತ್ತೆ ಶುರು ಮಾಡಿದೆ.

"ಇರಲಿ ಬಿಡ್ರಿ. ನಿಮ್ಮ ಸಾಲ್ಯಾಗ ಈಗ ಯಾರ್ ಯಾರ್ ಪಾಠ ನೋಡಾಕತ್ತೀರಿ, ಅದನ್ನ ಹೇಳ್ರಿ!" ಎಂದು ಚೀಲದಿಂದ ವಹಿ ತೆಗೆದರು. ನಾನು ಕ್ಷಮೆ ಕೇಳುವುದು ಅವರಿಗೆ ಬೇಕಿರಲಿಲ್ಲ. ನನಗೆ ಬೇಕಿತ್ತು. ಅದನ್ನೂ ಕೇಳಲು ಬಿಡದೆ ಮತ್ತೆ ತರಬೇತಿಗೇ ಕೂಡಿಸಿದರಲ್ಲ ಎಂದು ಒಳಗೊಳಗೇ ಉರಿದುಕೊಂಡೆ. ಉತ್ತರ ಹೇಳುತ್ತ ಹೇಳುತ್ತ ನೀರಿಳಿಯಿತು. ಬಸ್ಸು ಹಾರ್ನು ಹೊಡೆಯಿತು. ಇನ್ನೊಮ್ಮೆ ಬಂದು ಹೇಳಿದರಾಯಿತು ಅಂದುಕೊಂಡೆ...

ಅವರು ತೀರಿಕೊಂಡ ಸುದ್ದಿ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಬಂತು. ಹೊಟ್ಟೆಯ ಕಾಯಿಲೆಯಂತೆ, ನಾವು ಪಡಸಾಲೆಯಲ್ಲಿ ಕೂತ ಮಳೆಗಾಲಕ್ಕಾಗಲೇ ಅವರಿಗೆ ಗೊತ್ತಿತ್ತಂತೆ. ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬಿದ್ದವು. ಹೆಸರುಗಳನ್ನು ಓದುತ್ತ ಹೋದೆ. ಹೆಚ್ಚಿನವರು ಅಂದು ಸಹಿ ಹಾಕಿದವರೇ. ನಾನು ಏನನ್ನೂ ಹಾಕಲಾರದೆ ಮೊಬೈಲು ಮಗುಚಿಟ್ಟೆ.

ರೋಣದ ತರಬೇತಿ ಮುಗಿಸಿ ಬಂದ ಮರುದಿನ ನನ್ನ ಶಾಲೆಯ ನಾಲ್ಕನೆಯ ತರಗತಿಯಲ್ಲಿ ಹಿಂದೆ ಕೂತೆ. ಪಾಠ ಮಾಡುತ್ತಿದ್ದವಳು ಲಕ್ಕಲಕಟ್ಟಿಯಿಂದ ದಿನಾ ಬಸ್ಸಿಗೆ ಬರುವ ಹೊಸ ಶಿಕ್ಷಕಿ, ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಪಾಠವಾದ ಮೇಲೆ ಗೀಟು ಹಾಕಿದ ಹಾಳೆ ತೋರಿಸಿ, ಎಷ್ಟು ಮೆತ್ತಗೆ ಹೇಳಬಹುದೋ ಅಷ್ಟು ಮೆತ್ತಗೆ ಹೇಳಿದೆ. ಆಕೆ ಹಾಳೆಯನ್ನೇ ನೋಡುತ್ತ ನಿಂತಳು. ಗಲ್ಲದ ಮೇಲೆ ಕಣ್ಣೀರು ಇಳಿಯಿತು. "ನಾ ರಾತ್ರಿ ಎಲ್ಲಾ ತಯಾರಿ ಮಾಡ್ಕೊಂಡು ಬಂದಿದ್ನಿರಿ ಸರ್," ಅಂದಳು.

ಬಿಟ್ಟು ಹೋಗಬೇಕೋ, ನಿಲ್ಲಬೇಕೋ? ಹೇಳಿದ್ದು ಹೆಚ್ಚಾಯಿತೋ, ಇಷ್ಟೂ ಹೇಳದಿದ್ದರೆ ಮಕ್ಕಳಿಗೆ ಮೋಸವಾಗುತ್ತಿತ್ತೋ? ಇದನ್ನು ಯಾವ ತರಬೇತಿಯಲ್ಲೂ ನನಗೆ ಕಲಿಸಿಲ್ಲ. ಕಲಿಸಬಲ್ಲವರು ಒಬ್ಬರಿದ್ದರು. ತಾವೇ ಒಮ್ಮೆ ತಪ್ಪಿ, ಅದನ್ನು ಒಪ್ಪಿಕೊಂಡು, ಮಳೆಯಲ್ಲಿ ಕೂತು ಹೇಳಿದ್ದರು. ಆ ಎರಡು ತಾಸನ್ನು ನಾನು ನನ್ನ ಕ್ಷಮೆಯ ಚಿಂತೆಯಲ್ಲೇ ಕಳೆದೆ. ಕೇಳಬೇಕಾದ್ದನ್ನು ಕೇಳಿಕೊಳ್ಳಲಿಲ್ಲ.

ಗಂಟೆ ಹೊಡೆಯಿತು. ಮಕ್ಕಳು ಹೊರಗೆ ಓಡಿದರು. ಆಕೆ ಅಳುತ್ತಲೇ ಇದ್ದಳು. ನಾನು ಅಲ್ಲಿಯೇ ಇನ್ನೊಂದು ಬೆಂಚನ್ನೆಳೆದು ಕೂತೆ.