ಕೆಂಪಿಯ ಕೊಂಬಿನಷ್ಟು ಬಾಗಿಲು

ನಾನು ಲಂಗ ಎತ್ತಿ ಕಟ್ಟಿ ಕುಂಟಾಬಿಲ್ಲೆ ಆಡುತ್ತಿದ್ದ ವಯಸ್ಸಿನಲ್ಲಿ ನಮ್ಮ ಕ್ಯಾಲನೂರಿನ ಕಡೆ ದನಕ್ಕೂ ಜನಕ್ಕೂ ಒಂದೇ ಬಾಗಿಲು. ಮುಂದುಗಡೆ ಹಸು, ಒಳಗಡೆ ನಾವು. ಗಂಜಲದ ವಾಸನೆಯಲ್ಲೇ ಮುದ್ದೆ ನುಂಗುತ್ತಿದ್ದೆವು. ಯಾರೂ ಮೂಗು ಮುಚ್ಚಿಕೊಳ್ಳುತ್ತಿರಲಿಲ್ಲ.

ಭಾಗವಾದಾಗ ಹಳೇ ಮನೆ ದೊಡ್ಡಪ್ಪನಿಗೆ ಹೋಯಿತು, ನಮಗೆ ಖಾಲಿ ಕಣ ಉಳಿಯಿತು. ಅಪ್ಪನ ಕಣ್ಣು ರಸ್ತೆ ಪಕ್ಕದ ಹೊಸ ಮನೆ ಮೇಲೆ ಬಿತ್ತು. ಮುನಿಶಾಮಪ್ಪ ಅನ್ನುವವನು ಮಾಲೂರು ಇಟ್ಟಿಗೆಯಲ್ಲಿ ಕಟ್ಟಿಸಿ ಮಾರಲು ಇಟ್ಟಿದ್ದ. ಕೆಂಪು ಗಾರೆ ನೆಲ, ಮುಖ ಕಾಣುವಷ್ಟು ನುಣುಪು.

"ರೆಡಿ ಮನೆ ಕಣೇ. ಮಣ್ಣು ತುಳಿಯಂಗಿಲ್ಲ, ಕಲ್ಲು ಹೊರಂಗಿಲ್ಲ. ಹಾಲುಕ್ಕಿಸೋದು, ಮಲಗೋದು," ಎಂದ ಅಪ್ಪ.

"ಕೆಂಪಿ ಎಲ್ಲಿ ಮಲಗ್ತಾಳೆ?" ಎಂದಳು ಅಮ್ಮ.

ಕೆಂಪಿ ನಮ್ಮ ಹಸು. ಅವಳ ಹಾಲು ಡೈರಿಗೆ ಹೋದರೆ ಮನೆಗೆ ಉಪ್ಪು, ಎಣ್ಣೆ ಬರುತ್ತಿತ್ತು. ಆ ಮನೆಯ ಹಿತ್ತಲಿಗೆ ಬೇರೆ ದಾರಿ ಇರಲಿಲ್ಲ, ಎರಡೂ ಕಡೆ ಗೋಡೆಗೆ ಗೋಡೆ. ಹಸು ಹಿತ್ತಲು ಸೇರಬೇಕಾದರೆ ಮುಂಬಾಗಿಲಲ್ಲೇ ನುಗ್ಗಬೇಕು.

"ಹೋಗ್ದಿದ್ರೆ ಮಾರಿಬಿಡಾಣ," ಎಂದ ಅಪ್ಪ.

"ಮೊದ್ಲು ಹೊಡ್ಕೊಂಡು ಹೋಗಿ ನೋಡಾಣ. ಹೋದ್ರೆ ಮನೆ ತಗ. ಹೋಗ್ದಿದ್ರೆ ಬಿಡಬೇಕಾದ್ದು ಮನೇನ, ಹಸೂನಲ್ಲ."

ಬೆಳಿಗ್ಗೆ ಹೊರಟೆವು. ಅಪ್ಪ ಹಗ್ಗ ಹಿಡಿದು ಮುಂದೆ ಒಳಗೆ ಹೋದ. ನಾನು ಹಿಂದಿನಿಂದ ಬಾಲ ತಿರುವಿದೆ. ಕೆಂಪಿಯ ಕೊಂಬು ಅಗಲ. ತಲೆ ಓರೆ ಮಾಡಿ ಒಂದು ಕೊಂಬು ಒಳಗಿಟ್ಟಳು. ಮುಂಗಾಲು ಗಾರೆ ಮೇಲೆ ಜಾರಿತು. ಬೆದರಿ ತಲೆ ನೆಟ್ಟಗೆ ಮಾಡಿದಳು, ಕೊಂಬು ಚೌಕಟ್ಟಿಗೆ ಸಿಕ್ಕಿಕೊಂಡಿತು. ಹಾಗೇ ನಿಂತು ಮೆಟ್ಟಿಲ ಮೇಲೆ ಒಂದು ಬುಟ್ಟಿ ಸಗಣಿ ಹಾಕಿದಳು.

"ಅಯ್ಯಯ್ಯೋ, ನಾ ಇಲ್ಲು!" ನನ್ನ ಮನೆ, ನನ್ನ ಮನೆ ಎಂದು ಮುನಿಶಾಮಪ್ಪ ತೆಲುಗಿನಲ್ಲಿ ಬಾಯಿ ಬಡಿದುಕೊಂಡ.

"ಸಾರ್ಸೋಕೆ ಕೊಟ್ಟವ್ಳೆ, ಸುಮ್ನಿರಣ್ಣ," ಎಂದಳು ಅಮ್ಮ.

ಒಳಗಿದ್ದ ಅಪ್ಪ ಕಿಟಕಿಯಿಂದ ಕೂಗಿಕೊಂಡ: "ಲೇ, ನನ್ನ ಈಚೆ ಬಿಡ್ರೇ!"

"ರೆಡಿ ಮನೆ ಅಲ್ವಾ, ಅಲ್ಲೇ ಮಲಿಕ್ಕ!" ಎಂದಳು ಅಮ್ಮ.

ಮುನಿಶಾಮಪ್ಪನೂ ಸೇರಿ ತಳ್ಳಿ, ಎಳೆದು ಹಸುವನ್ನು ಬಿಡಿಸಿದೆವು. ಈಚೆ ಬಂದ ಅಪ್ಪ ಆ ಮನೆ ಮಾತೆತ್ತಲಿಲ್ಲ.

ಅವರೆಕಾಯಿ ಕಾಲದಲ್ಲಿ ಕಣದಲ್ಲೇ ಮನೆ ಎಬ್ಬಿಸಿದೆವು. ಕೆರೆ ಮಣ್ಣಿಗೆ ಹುಲ್ಲು ಕತ್ತರಿಸಿ ಹಾಕಿ ತುಳಿಯುವುದು ನನ್ನ ಕೆಲಸ. ಮೊಣಕಾಲವರೆಗೆ ತಣ್ಣಗೆ, ಕೊಳೆತ ಹುಲ್ಲಿನ ವಾಸನೆ. ಒಂದು ವರಸೆ ಗೋಡೆ ಒಣಗುವವರೆಗೆ ಇನ್ನೊಂದು ವರಸೆ ಏರಿಸುವಂತಿಲ್ಲ. ಆ ಬಿಡುವಿನಲ್ಲಿ ಕುಂಟಾಬಿಲ್ಲೆ. ಮಧ್ಯಾಹ್ನಕ್ಕೆ ಹಿತಕಿದಬೇಳೆ ಸಾರು.

ಅಮ್ಮ ಕೆಂಪಿಯ ಎರಡು ಕೊಂಬಿನ ತುದಿಗೂ ಹಗ್ಗ ಹಿಡಿದು, ಗಂಟು ಹಾಕಿ ಬಡಗಿಗೆ ಕೊಟ್ಟಳು.

"ಇದು ಬಾಗ್ಲೋ, ಲಾರಿ ಹೋಗೋ ದಾರಿಯೋ?" ಎಂದ ಅವನು.

"ನಿನ್ನ ಹೊಟ್ಟೇನೂ ಹಿಡೀಲಿ, ಒಂದು ಗೇಣು ಜಾಸ್ತಿ ಇಡು."

ಹೊಸ ಮನೆ ಒಕ್ಕಲಿನ ದಿನ ಕೆಂಪಿ ತಲೆ ಓರೆ ಮಾಡದೆ ನೆಟ್ಟಗೆ ಒಳಗೆ ನಡೆದಳು. ಅಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ಸೂರು ನೋಡಿದ.

ನಾನೊಬ್ಬಳೇ ಮಗಳು, ಮನೆ ನನಗೆ ಬಂತು. ಮಣ್ಣಿನ ಗೋಡೆಗೆ ಸಿಮೆಂಟು ಬಳಿಸಿದೆ. ನನಗೆ ಮಂಡಿ ಹೋಯಿತು, ಹಸು ಕಟ್ಟುವುದು ಬಿಟ್ಟೆ. ಗಂಜಲದ ವಾಸನೆ ಹೋದದ್ದಕ್ಕೆ ಅಳುವವಳಲ್ಲ ನಾನು. ಬಾಗಿಲು ಮಾತ್ರ ಬದಲಾಯಿಸಲು ಬಿಟ್ಟಿಲ್ಲ. ಮೊನ್ನೆ ಮಗ ದೊಡ್ಡ ಫ್ರಿಜ್ಜು ತಂದ. ಎಲ್ಲೂ ತಾಗದೆ ಸಲೀಸಾಗಿ ಒಳಗೆ ಬಂತು. ಕೆಂಪಿಯನ್ನು ಕಟ್ಟುತ್ತಿದ್ದ ಜಾಗದಲ್ಲೇ ಇಟ್ಟಿದ್ದಾನೆ. ಅದರೊಳಗೆ ಪ್ಯಾಕೆಟ್ ಹಾಲಿದೆ.