ಹೋಗಿಬರುತ್ತೇನೆ ಎಂದ ದನಿ

ಬಾರ್ಲಿ ಹುರಿದ ವಾಸನೆ ಮೂಗಿಗೆ ಬಡಿದರೆ ಸಾಕು, ಮಾಡುತ್ತಿದ್ದ ಕೆಲಸ ಬಿಟ್ಟು ಬಾಗಿಲ ಕಡೆ ನೋಡುತ್ತೇನೆ. ನಿನ್ನೆ ಒಸಾಕಾದ ನಮ್ಮ ಆಫೀಸಿನಲ್ಲಿ ಯಾರೋ ಬಾರ್ಲಿ ಚಹಾ ಕುದಿಸಿದ್ದರು, ಥೇಟ್ ರಾಗಿ ಹುರಿದ ಘಮ. ಸೆಂಡಾಯ್‌ನ ಪಕ್ಕದ ಮನೆಯಲ್ಲಿ ದಿನಾ ಇದೇ ಚಹಾ ಕುದಿಸುತ್ತಿದ್ದ ಅಜ್ಜಿ ನೆನಪಾದರು. ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಪೆದ್ದ ಯಾರೆಂದು ಹುಡುಕುವ ಕಷ್ಟ ನಿಮಗೆ ಬೇಡ. ನನ್ನದಲ್ಲದ ದನಿಯೊಂದನ್ನು ಯಾರ ಅಪ್ಪಣೆಯನ್ನೂ ಕೇಳದೆ ಎರವಲು ಪಡೆದು, ಅದನ್ನು ಮಾಲ್ಟಾದಲ್ಲಿ ಕಳೆದು ಬಂದವನು ನಾನೇ.

ಆಗ ಸೆಂಡಾಯ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಅಂದರೆ, ಮಾಡುತ್ತಿದ್ದೇನೆ ಎಂದು ಅಮ್ಮನನ್ನು ನಂಬಿಸಿದ್ದೆ. ನಿಜಕ್ಕೂ ಕಲಿತದ್ದು ಮಿಮಿಕ್ರಿ. ಪ್ರೊಫೆಸರರ ಕೆಮ್ಮು, ರೈಲಿನ ಅನೌನ್ಸ್‌ಮೆಂಟು, ಕೊಂಬಿನಿ ಅಂಗಡಿಯಲ್ಲಿ ಚಿಲ್ಲರೆ ಚೆಲ್ಲಿ ‘ಸುಮಿಮಾಸೆನ್, ಸುಮಿಮಾಸೆನ್’ ಎಂದು ಕ್ಷಮೆ ಕೇಳುತ್ತಾ ಒದ್ದಾಡುವ ಸ್ವತಃ ನಾನೇ... ಯಾರನ್ನೂ ಬಿಟ್ಟಿರಲಿಲ್ಲ. ಅಜ್ಜಿಯ ಮನೆಗೂ ನನ್ನ ಮನೆಗೂ ನಡುವೆ ಹಪ್ಪಳದಂಥ ಗೋಡೆ. ಪ್ರತಿ ಬೆಳಿಗ್ಗೆ ಅದರಾಚೆ ವಯಸ್ಸಾದ ಗಂಡಸಿನ ಒರಟು ದನಿ ಕೇಳುತ್ತಿತ್ತು: “ಇತ್ತೆಕಿಮಾಸ್.” ಹೋಗಿಬರುತ್ತೇನೆ, ಅಂತ. ಈ ವಿಷಯದಲ್ಲಿ ಜಪಾನಿನವರೂ ನಮ್ಮಂತೆಯೇ. ಮನೆ ಬಿಡುವವರು ಬರೀ ‘ಹೋಗುತ್ತೇನೆ’ ಅನ್ನುವುದಿಲ್ಲ. ಮರಳಿದಾಗ ‘ತದಾಯ್ಮಾ’, ಬಂದೆ, ಎಂದು ಹೇಳಿಯೇ ಒಳಗೆ ಕಾಲಿಡಬೇಕು. ಆ ದನಿ ಎಂದೂ ‘ತದಾಯ್ಮಾ’ ಅಂದದ್ದು ನಾನು ಕೇಳಿರಲಿಲ್ಲ. ತಾತ ಬರುವ ಹೊತ್ತಿಗೆ ನಾನು ಲ್ಯಾಬಿನಲ್ಲಿರುತ್ತೇನಲ್ಲ, ಅದಕ್ಕೆ ಅಂದುಕೊಂಡಿದ್ದೆ.

“ಲೋ, ಆ ತಾತಂದು ಇನ್ನೊಂದ್ಸಲ ಮಾಡೋ, ಸಖತ್ತಾಗಿದೆ!” ಎಂದು ಲ್ಯಾಬಿನ ಮೈಸೂರು ಗೆಳೆಯ ಪೀಡಿಸುತ್ತಿದ್ದ. ಮಾಡಿ ಮಾಡಿ ದನಿ ಗಂಟಲಲ್ಲಿ ಕೂತುಬಿಟ್ಟಿತ್ತು.

ರಜೆಗೆ ಮಾಲ್ಟಾಗೆ ಹೊರಟ ದಿನ ಅಜ್ಜಿ ಬಾಗಿಲಲ್ಲಿ ಕಸ ಗುಡಿಸುತ್ತಿದ್ದರು. ನಾನು ಸೂಟ್‌ಕೇಸ್ ಎಳೆಯುತ್ತಾ, ಚೇಷ್ಟೆಗೆ, ಅದೇ ದನಿಯಲ್ಲಿ “ಇತ್ತೆಕಿಮಾಸ್” ಅಂದೆ.

ಪೊರಕೆ ನಿಂತಿತು.

“ಇಂದೋ-ಸಾನ್,” ಅಂದರು ಅಜ್ಜಿ. ಭಾರತದವನಾದ್ದರಿಂದ ಅವರಿಟ್ಟ ಹೆಸರು ಅದು. “ಆ ದನಿ ಎಲ್ಲಿ ಕೇಳಿದೆ?”

“ನಿಮ್ಮನೇಲೇ ಅಜ್ಜಿ. ದಿನಾ ಬೆಳಿಗ್ಗೆ ತಾತ...”

“ನಮ್ಮನೇಲಿ ನಾನೊಬ್ಬಳೇ ಇರೋದು.”

ಆಮೇಲೆ ಮೆಲ್ಲಗೆ ಹೇಳಿದರು. ಗಂಡ ಹಡಗಿನಲ್ಲಿ ಕೆಲಸಕ್ಕಿದ್ದರು. ಎಷ್ಟೋ ವರ್ಷಗಳ ಹಿಂದೆ, ನಾನು ಹೊರಟಿದ್ದ ಅದೇ ಮಾಲ್ಟಾದಲ್ಲಿ ದಡಕ್ಕೆ ಇಳಿದಿದ್ದರಂತೆ. ಹಡಗು ವಾಪಸ್ ಬಂತು, ಅವರು ಬರಲಿಲ್ಲ. ಅಜ್ಜಿ ನನ್ನ ತೋಳು ಹಿಡಿದುಕೊಂಡರು. “ಬಂದಾಗ ಇದೇ ದನಿಯಲ್ಲಿ ‘ತದಾಯ್ಮಾ’ ಅಂತೀಯಾ? ಒಂದೇ ಒಂದು ಸಲ.” ನಾನು ತಲೆಯಾಡಿಸಿದೆ. ಇನ್ನೇನು ಮಾಡಲಿ?

ಮಾಲ್ಟಾ ಚೆಂದದ ಊರೇ. ಜೇನುಬಣ್ಣದ ಕಲ್ಲಿನ ಓಣಿಗಳು, ಮುಚ್ಚಿದ ಮರದ ಬಾಲ್ಕನಿಗಳು, ಮೂತಿಗೆ ಕಣ್ಣು ಬರೆದ ಮೀನುದೋಣಿಗಳು. ಮೊದಲ ದಿನವೇ ಒಂದು ಅಂಗಡಿಗೆ ನುಗ್ಗಿದೆ. ಅಲ್ಲಿಯ ತಿಂಡಿಯೂ ನಮ್ಮ ಬೇಕರಿ ಪಫ್ಸ್‌ನ ಜಾತಿಯೇ, ಒಳಗೆ ಚೀಸ್. ಇಂಗ್ಲಿಷಿನಲ್ಲಿ “ಎರಡು ಕೊಡಿ” ಅಂದೆ. ಹೊರಬಂದದ್ದು ತಾತನ ದನಿ. ಕೆಮ್ಮಿ ಮತ್ತೆ ಕೇಳಿದೆ. ಮತ್ತೆ ಅದೇ. ಅಂಗಡಿಯಾಕೆ ನನ್ನನ್ನು ನೋಡಲೇ ಇಲ್ಲ, ನನ್ನ ಭುಜದಾಚೆ ನೋಡುತ್ತಾ ಕೇಳಿದಳು: “ಅವರಿಗೂ ಎರಡಾ?”

ತಿರುಗಿ ನೋಡುವ ಧೈರ್ಯವಾಗಲಿಲ್ಲ. ನಾಲ್ಕು ಕೊಂಡು ಹೊರಬಂದೆ.

ರಜೆ ಮುಗಿಯುವವರೆಗೂ ಬಾಯಿ ಮುಚ್ಚಿಕೊಂಡಿದ್ದೆ. ನನ್ನನ್ನು ಬಲ್ಲವರು ಇದನ್ನೇ ಪವಾಡ ಅನ್ನುತ್ತಾರೆ. ಕೊನೆಯ ಸಂಜೆ ಬಂದರಿನ ಕಟ್ಟೆಯ ಮೇಲೆ ನಿಂತು, ಅಜ್ಜಿಗಾಗಿ ಒಂದು ಸಲ ಅಭ್ಯಾಸ ಮಾಡೋಣ ಎಂದು ‘ತದಾಯ್ಮಾ’ ಅಂದೆ. ನನ್ನದೇ ಕೀಚಲು ದನಿ! ಮತ್ತೆ ಅಂದೆ, ಗಂಟಲು ಒರಟು ಮಾಡಿ ಅಂದೆ. ಇಲ್ಲ... ಗಂಟಲಿನಿಂದ ಯಾರೋ ಎದ್ದುಹೋದ ಹಾಗೆ ಹಗುರ. ದೋಣಿಗಳ ಕಣ್ಣುಗಳೆಲ್ಲ ನನ್ನನ್ನು ಬಿಟ್ಟು ಬೇರೆ ಯಾರನ್ನೋ ನೋಡುತ್ತಿದ್ದಂತಿತ್ತು.

ಸೆಂಡಾಯ್‌ಗೆ ಮರಳಿದಾಗ ಅಜ್ಜಿ ಬಾಗಿಲು ತೆರೆದೇ ಇಟ್ಟಿದ್ದರು. ಹೊಸ್ತಿಲಲ್ಲಿ ನಿಂತು ‘ತದಾಯ್ಮಾ’ ಅಂದೆ. ಬಂದದ್ದು ನನ್ನ ದನಿ. ಅವರು ಕಣ್ಣು ಮುಚ್ಚಿ, ಇನ್ನೊಂದು ದನಿಗಾಗಿ ಬಹಳ ಹೊತ್ತು ಕಾದರು. ಮರುದಿನ ಬೆಳಿಗ್ಗೆಯಿಂದ ಗೋಡೆಯಾಚೆ ಯಾರೂ ‘ಹೋಗಿಬರುತ್ತೇನೆ’ ಅನ್ನಲಿಲ್ಲ.

ಹೋದ ಚಳಿಗಾಲದಲ್ಲಿ ಅಜ್ಜಿಯೂ ತೀರಿಕೊಂಡರು. ಮೈಸೂರು ಗೆಳೆಯ ಫೋನ್ ಮಾಡಿ ತಿಳಿಸಿದ. ಈಗಲೂ ನಾನು ಎಲ್ಲರ ದನಿ ಮಾಡುತ್ತೇನೆ, ಅಜ್ಜಿಯದೊಂದನ್ನು ಬಿಟ್ಟು. ಹಾಗಾಗಿ ಅವತ್ತು ಹೊಸ್ತಿಲಲ್ಲಿ ಅವರು ಅಂದದ್ದನ್ನು ಹೀಗೆ ಬರೆದೇ ತೋರಿಸಬೇಕು. “ಕ್ಷಮಿಸಿ ಅಜ್ಜಿ, ಅವರನ್ನ ಕರ್ಕೊಂಡು ಬರೋಕಾಗಲಿಲ್ಲ” ಅಂದಿದ್ದೆ. ಅಜ್ಜಿ ಕಣ್ಣು ತೆರೆದು, ಏಪ್ರನ್ನಿನಲ್ಲಿ ಮುಖ ಒರೆಸಿಕೊಂಡು ಗದರಿದರು:

“ಬರೋ ಮನಸ್ಸಿಲ್ಲದವರನ್ನ ಹೊತ್ಕೊಂಡು ಬರೋಕೆ ನೀನೇನು ಕೂಲಿಯಾ? ಶೂ ಬಿಚ್ಚು, ಒಳಗೆ ಬಾ.”