ಓಬಳಪ್ಪ ಮೇಷ್ಟ್ರು ಹುಡುಕುವ ಗೂಡು

ಶನಿವಾರದ ಬೆಳಗು, ಇನ್ನೂ ಬಿಸಿಲು ಬಲಿತಿಲ್ಲ. ಅಜ್ಜಂಪುರದಿಂದ ಬಸ್ಸಿಗೆ ಅರ್ಧ ಗಂಟೆ ದೂರದ ಹಳ್ಳಿಯೊಂದರ ನೀಲಗಿರಿ ತೋಪಿನಲ್ಲಿ ಇಪ್ಪತ್ತಾರು ಮಕ್ಕಳು ನೆಲ ನೋಡುತ್ತ ನಡೆಯುತ್ತಿದ್ದಾರೆ. ಕಂಕುಳಲ್ಲಿ ಸ್ಲೇಟು, ಬಾಯಿಗೆ ಬೀಗ. ಎಲ್ಲರಿಗಿಂತ ಮುಂದೆ ಡ್ರಾಯಿಂಗ್ ಮೇಷ್ಟ್ರು ಓಬಳಪ್ಪ, ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ. ಹುಡುಕುತ್ತಿರುವುದು ನೆಲಗುಬ್ಬಿಯ ಗೂಡು. ಸಿಕ್ಕರೆ ಒಂದು ಹಿಡಿ ಹುಲ್ಲು, ಅದರ ನಡುವೆ ಎರಡು ಚುಕ್ಕೆ ಮೊಟ್ಟೆ, ಅಷ್ಟೇ. ಬರುವ ಮಾರ್ಚಿಗೆ ಮೇಷ್ಟ್ರಿಗೆ ರಿಟೈರ್‌ಮೆಂಟು. ಅಷ್ಟರೊಳಗೆ ಈಗಿನವರಲ್ಲಿ ಒಂದು ಮಗುವಾದರೂ ಅದನ್ನು ಕಣ್ಣಾರೆ ಕಂಡು ಬರೆಯಲಿ ಎನ್ನುವುದು ಅವರ ಹಟ. ಮೂರು ವರ್ಷದಿಂದ ಹುಡುಕುತ್ತಿದ್ದಾರೆ, ಸಿಕ್ಕಿಲ್ಲ. ಇವತ್ತೂ ಸಿಗುವ ಲಕ್ಷಣವಿಲ್ಲ.

ಕಡೂರಿನಲ್ಲಿ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ ಓಬಳಪ್ಪ ಈ ಶಾಲೆಗೆ ಬಂದದ್ದು ಹದಿನಾಲ್ಕು ವರ್ಷದ ಹಿಂದೆ, ಎಪ್ಪತ್ತನಾಲ್ಕರಲ್ಲಿ. ಡ್ರಾಯಿಂಗ್ ಪೀರಿಯಡ್ಡು ಎಂದರೆ ಲೆಕ್ಕದ ಮೇಷ್ಟ್ರು ಪಾಠ ಮುಗಿಸಿಕೊಳ್ಳಲು ಕಸಿದುಕೊಳ್ಳುವ ಪೀರಿಯಡ್ಡು. ಹಾಗಾಗಿ ಇವರು ಮಕ್ಕಳನ್ನು ಕರೆದುಕೊಂಡು ಬಯಲಿಗೇ ಹೊರಟುಬಿಟ್ಟರು. ಆಗ ಇಲ್ಲಿ ಮರವಿರಲಿಲ್ಲ. ಊರಾಚೆ ಕಣ್ಣು ಹಾಯುವವರೆಗೂ ಹುಲ್ಲು. ಇವರ ಪಾಠವೂ ವಿಚಿತ್ರ. ಮೊದಲ ಅರ್ಧ ಗಂಟೆ ಬಳಪ ಮುಟ್ಟುವಂತಿಲ್ಲ, ಹುಲ್ಲಿನಲ್ಲಿ ಬೋರಲು ಮಲಗಿ ನೋಡಬೇಕು. ಆಮೇಲೆ ಕಂಡದ್ದನ್ನು ಮಾತ್ರ ಬರೆಯಬೇಕು. ಕಾಗದ ಸಿಕ್ಕ ದಿನ ಹಳದಿಗೆ ತಂಗಡಿ ಹೂವು, ಕೆಂಪಿಗೆ ಕೆಮ್ಮಣ್ಣು, ಕಪ್ಪಿಗೆ ಒಲೆಯ ಇದ್ದಿಲು. ಒಂದೇ ಬೆಳಗ್ಗೆ ಹದಿನೇಳು ಗೂಡು ಎಣಿಸಿದ್ದುಂಟು. ಗೌಜಲಹಕ್ಕಿ, ಟಿಟ್ಟಿಭ, ದೂರದಲ್ಲಿ ಕಿವಿ ನಿಮಿರಿಸಿ ನಿಂತ ಜಿಂಕೆ.

"ಕಾಲಿಡೋ ಮೊದ್ಲು ಬಗ್ಗಿ ನೋಡೋವು ನಮ್ ಮಕ್ಕಳು. ಮೊಟ್ಟೆ ತುಳಿದ್ಬಿಟ್ಟೇವು ಅಂತ," ಎನ್ನುತ್ತಾರೆ ಓಬಳಪ್ಪ.

ಇಷ್ಟು ಬಲ್ಲ ಮನುಷ್ಯ ಎಂಬತ್ತೊಂದರಲ್ಲಿ ಎಡವಟ್ಟು ಮಾಡಿಕೊಂಡರು. ವನಮಹೋತ್ಸವಕ್ಕೆಂದು ಬಿಟ್ಟಿ ಸಸಿ ಬಂತು. ಹಾಳುಬಿದ್ದ ಬಯಲು ಹಸಿರಾಗುತ್ತದೆ ಎಂದು ಭಾಷಣವೂ ಆಯಿತು. ಸಾವಿರದ ಎಂಟುನೂರು ನೀಲಗಿರಿ ಸಸಿಗೆ ಗುಂಡಿ ತೋಡಿದವರು ಓಬಳಪ್ಪನವರ ಶಾಲೆಯ ಮಕ್ಕಳೇ. ಪ್ರತಿ ಮಗುವೂ ತಾನು ನೆಟ್ಟ ಸಸಿಯ ಪಕ್ಕ ಕೂತು ಅದರ ಚಿತ್ರ ಬರೆಯಿತು. ಮೇಷ್ಟ್ರಿಗೆ ಅಂದು ನೆಲದ ಮೇಲೆ ಕಾಲಿರಲಿಲ್ಲ.

ಬೇಡ ಎಂದವರು ಒಬ್ಬರೇ, ಕುರಿ ಕಾಯುವ ದೊಡ್ಡಬೀರಪ್ಪ. "ಮೇಷ್ಟ್ರೇ, ಇದು ಹಾಳು ಜಾಗ ಅಂತ ಯಾರಂದ್ರು ನಿಮಗೆ? ಹುಲ್ಲು ಐತಲ್ಲ, ಅಂತ ಕೇಳ್ದೆ," ಎಂದು ಆತ ಈಗಲೂ ನೆನೆಯುತ್ತಾನೆ. "ಮರ ಬಂದ್ರೆ ಮಳೆ ಬತ್ತದೆ ಕಣಪ್ಪ, ನಿಂಗೆ ತಿಳಿಯಕಿಲ್ಲ ಅಂದ್ಬಿಟ್ರು. ಓದ್ದೋರು, ನಾನೇನನ್ಲಿ?"

ಮರ ಬಂತು. ಹುಲ್ಲು ಹೋಯಿತು. ಉದುರಿದ ಎಲೆಯ ಕೆಳಗೆ ಗರಿಕೆಯೂ ಏಳಲಿಲ್ಲ. ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳು ಎರಡು ಮಳೆಗಾಲ ಅಂಚಿನಲ್ಲಿ ಸುಳಿದಾಡಿ ಆಮೇಲೆ ಕಾಣಲಿಲ್ಲ. ದೊಡ್ಡಬೀರಪ್ಪ ಕುರಿ ಹೊಡೆದುಕೊಂಡು ತರೀಕೆರೆ ದಾರಿಯವರೆಗೂ ಹೋಗಬೇಕು. ಹೋದ ವರ್ಷ ತೋಪಿನ ಒಂದು ಬದಿಯನ್ನು ಕಡಿದು ಲಾರಿಗೆ ತುಂಬಿದಾಗ ಓಬಳಪ್ಪ ಆಸೆಯಿಂದ ಓಡಿ ಬಂದಿದ್ದರು, ಇನ್ನು ಹುಲ್ಲು ಬಂದೀತು ಎಂದು. ತಿಂಗಳೊಳಗೆ ಒಂದೊಂದು ಬುಡದಿಂದ ನಾಲ್ಕು ನಾಲ್ಕು ಚಿಗುರು ಎದ್ದವು. ಅಂದು ಬುಡದ ಮೇಲೆ ಕೂತು ಅತ್ತದ್ದನ್ನು ಅವರು ಮುಚ್ಚಿಡುವುದಿಲ್ಲ.

"ಬಿಟ್ಬಿಡಿ ಅಂದ್ರೆ ಕೇಳಾಕಿಲ್ಲ," ಎಂದು ಹೆಂಡತಿ ಜವರಮ್ಮ ಬೈಯುತ್ತಾರೆ. "ಊರೆಲ್ಲ ಮರ ನೆಟ್ಟ ಮೇಷ್ಟ್ರು ಅಂತ ಹಾರ ಹಾಕ್ತು. ಇವ್ರು ಆ ಹಾರ ತಂದು ದನದ ಮುಂದೆ ಹಾಕಿದ್ರು."

ಇಂದಿನ ಪಾಠ ಮುಗಿಯುತ್ತದೆ. ಮಕ್ಕಳು ಸ್ಲೇಟು ಎತ್ತಿ ತೋರಿಸುತ್ತಾರೆ. ಇಪ್ಪತ್ತಾರರಲ್ಲೂ ಉದ್ದುದ್ದ ಗೆರೆ, ಗೆರೆಯ ಪಕ್ಕ ಗೆರೆ. ಮಕ್ಕಳದೇನು ತಪ್ಪು? ಕಂಡದ್ದನ್ನೇ ಬರೆದಿದ್ದಾರೆ. ಓಬಳಪ್ಪ ಒಂದೊಂದಕ್ಕೂ ರೈಟು ಹಾಕುತ್ತಾರೆ. ಕೊನೆಗೆ ಒಂದು ಸ್ಲೇಟು ತೆಗೆದುಕೊಂಡು ತಾವೇ ನೆಲಗುಬ್ಬಿಯ ಗೂಡು ಬರೆದು ತೋರಿಸುತ್ತಾರೆ. ಹುಲ್ಲಿನ ಎಸಳು ಎಸಳೂ ಕೈಗೆ ನೆನಪಿದೆ.

ಐದನೇ ಕ್ಲಾಸಿನ ಹುಲಿಗೆಮ್ಮ ಅದನ್ನು ಬಹಳ ಹೊತ್ತು ನೋಡಿ ಕೇಳುತ್ತಾಳೆ: "ಸಾ, ಹಕ್ಕಿ ನೆಲದಾಗೆ ಗೂಡು ಕಟ್ಟೋದು ನಿಜವಾ, ಕಥೆಯಾ?"

"ಕಥೆ ಕಣವ್ವ," ಎನ್ನುತ್ತಾರೆ ಮೇಷ್ಟ್ರು.

ಮಕ್ಕಳು ಶಾಲೆಯ ಕಡೆ ಓಡಿದ ಮೇಲೆ ಚಪ್ಪಲಿ ಮೆಟ್ಟಿಕೊಳ್ಳುತ್ತ, ಜೊತೆಗೆ ಬಂದಿದ್ದ ನನ್ನ ಮುಖ ನೋಡದೆ ಹೇಳುತ್ತಾರೆ: "ನಿಜ ಅಂದಿದ್ರೆ ಈಗ್ಯಾಕಿಲ್ಲ ಅಂತ ಕೇಳೋಳು. ಹದಿನಾಲ್ಕು ವರ್ಷದಲ್ಲಿ ಮಕ್ಕಳಿಗೆ ನಾನು ಹೇಳಿದ ಸುಳ್ಳು ಇದೊಂದೇ ಕಣ್ರೀ."